ಚೆಂಡಿಗೊಂದು ಅರ್ಧ ಟಿಕೆಟ್

ಕಂಡಕ್ಟರ್ ಕೆಲಸಕ್ಕೆ ಸೇರಿದ ಮೇಲೆ ನನ್ನ ಬಸ್ಸಿನಲ್ಲಿ ಕೋಳಿ ಬಂದಿದೆ, ಕುರಿಮರಿ ಬಂದಿದೆ, ಮದುವೆಮನೆಯ ಪಾತ್ರೆಗಳು ಬಂದಿವೆ, ಒಮ್ಮೆ ಒಂದು ಮಂಚವೇ ಬಂದಿದೆ. ಎಲ್ಲದಕ್ಕೂ ಲಗೇಜ್ ಟಿಕೆಟ್ ಹರಿದು ಕೊಟ್ಟಿದ್ದೇನೆ, ಬೇಕಾದಷ್ಟು ಜಗಳವನ್ನೂ ಆಡಿದ್ದೇನೆ. ಆದರೆ ಯಾರಾದರೂ ಕಂಕುಳಲ್ಲಿ ಫುಟ್‌ಬಾಲ್ ಇಟ್ಟುಕೊಂಡು ಹತ್ತಿದರೆ ಮಾತ್ರ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಇದುಕ್ಕೂ ಒಂದು ಅರ್ಧ ಟಿಕೆಟ್ ಕೊಡ್ಲಾ?" ಎಂದು ಕೇಳಿಬಿಡುತ್ತೇನೆ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಡ್ರೈವರ್ ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ, ಇವಳಿಗೆ ಮತ್ತೆ ಶುರುವಾಯಿತು ಎನ್ನುವಂತೆ ತಲೆ ಅಲ್ಲಾಡಿಸುತ್ತಾರೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ಎಲ್ಲಾ ನಮ್ಮ ಪಿ.ಡಿ. ಸಾರ್ ಕಲಿಸಿದ್ದು.

ಪಿ.ಡಿ. ಎಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಹುದ್ದೆಯ ಹೆಸರು ಕೇಳಿದವರು ದೊಡ್ಡ ಕೋಣೆ, ತಿರುಗುವ ಕುರ್ಚಿ ಎಲ್ಲ ಇದೆ ಎಂದುಕೊಳ್ಳಬೇಕು. ಹುಣಸೂರಿನ ನಮ್ಮ ಕಾಲೇಜಿನಲ್ಲಿ ಅವರಿಗಿದ್ದದ್ದು ಮೆಟ್ಟಿಲ ಕೆಳಗಿನ ಒಂದು ಗೂಡು. ಒಳಗೆ ಗಾಳಿ ಇಳಿದ ಚೆಂಡುಗಳು, ಗಾಳಿ ಹೊಡೆಯುವ ಪಂಪು, ಯಾವ ಕಾಲದ್ದೋ ವಾಲಿಬಾಲ್ ನೆಟ್ಟು. ಒಳಗೆ ಹೋಗಬೇಕಾದರೆ ಅವರು ಸೊಂಟ ಬಗ್ಗಿಸಿ ಹೋಗಬೇಕಿತ್ತು, ಅಷ್ಟು ಉದ್ದದ ಆಳು. ಬಿಳಿ ಕ್ಯಾನ್ವಾಸ್ ಶೂ, ಮಡಿಸಿದ ತೋಳು, ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಸೀಟಿ. ಆ ಸೀಟಿಯನ್ನು ಅವರು ಊದಿದ್ದನ್ನು ನಮ್ಮಲ್ಲಿ ಯಾರೂ ಕೇಳಿಲ್ಲ. ಅದರೊಳಗಿನ ಕಾಳು ಎಂದೋ ಬಿದ್ದುಹೋಗಿತ್ತು, ಊದಿದರೆ ಬರೀ ಗಾಳಿ ಬರುತ್ತಿತ್ತು. ಮತ್ತೆ ಯಾಕೆ ಸಾರ್ ಹಾಕಿಕೊಂಡಿದ್ದೀರಿ ಎಂದರೆ, "ಪೊಲೀಸ್ನೋರು ಸೊಂಟದಾಗೆ ಪಿಸ್ತೂಲು ಮಡಗಿರ್ತಾರಲ್ಲ, ದಿನಾ ಹೊಡೀತಾರಾ?" ಎನ್ನುತ್ತಿದ್ದರು. ಅವರ ಆಜ್ಞೆಯೆಲ್ಲ ಚಪ್ಪಾಳೆಯಲ್ಲಿ. ಆ ಚಪ್ಪಾಳೆ ರಸ್ತೆಯ ಆಚೆ ಬದಿಯ ಬೇಕರಿಗೂ ಕೇಳುತ್ತಿತ್ತು.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಅವರು ಜನ್ಮದಲ್ಲಿ ಫುಟ್‌ಬಾಲ್ ಆಡಿದವರಲ್ಲ! ಹಾರನಹಳ್ಳಿ ಕಡೆಯ ಹೊಗೆಸೊಪ್ಪಿನ ಹೊಲದಲ್ಲಿ ಬೆಳೆದು, ಖೋಖೋ ಆಡಿ ಹೆಸರು ಮಾಡಿ, ಅದರ ಮೇಲೆಯೇ ಕೆಲಸಕ್ಕೆ ಬಂದವರು. ಯಾರೋ ಪುಣ್ಯಾತ್ಮರು ಕಾಲೇಜಿಗೆ ಫುಟ್‌ಬಾಲುಗಳನ್ನು ದಾನ ಕೊಟ್ಟಿದ್ದರು. ಹುಡುಗರು ಕ್ರಿಕೆಟ್ ಬಿಟ್ಟು ಬರಲಿಲ್ಲ. ಚೆಂಡು ಸುಮ್ಮನೆ ಕೊಳೆಯುತ್ತಿದೆ ಎಂಬ ಸಂಕಟಕ್ಕೆ ಸಾರ್ ಹುಡುಗಿಯರ ತಂಡ ಕಟ್ಟಿದರು. ನಿಯಮಗಳನ್ನು ಕಲಿತು ನಮಗೂ ಕಲಿಸಿದರು, ಆದರೆ ಒಳಗಿದ್ದ ಖೋಖೋ ಆಗಾಗ ಹೊರಗೆ ಬರುತ್ತಿತ್ತು. ನಮ್ಮ ತಂಡದ ಬದಲಿ ಆಟಗಾರ್ತಿಯರು ಬೆಂಚಿನ ಮೇಲೆ ಕೂರುವಂತಿಲ್ಲ. ಗೆರೆಯ ಪಕ್ಕ ಸಾಲಾಗಿ, ಒಬ್ಬಳು ಈ ಕಡೆ ಒಬ್ಬಳು ಆ ಕಡೆ ಮುಖ ಮಾಡಿ, ಮೊಣಕಾಲೂರಿ ಕೂರಬೇಕು. ಒಳಗಿನಿಂದ ಬಂದವಳು ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಎನ್ನಬೇಕು. ಎಂದ ತಕ್ಷಣ ಕೂತವಳು ಎದ್ದು ಓಡಬೇಕು. ಮೊದಮೊದಲು ರೆಫರಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಗ್ಲಿ ಬುಡ್ರಮ್ಮ. ಬೆಂಚ್ ಮ್ಯಾಲೆ ಕುಂತೋಳು ನಿದ್ದೆ ಮಾಡ್ತಾಳೆ, ಇಂಗೆ ಕುಂತೋಳು ಆಟ ನೋಡ್ತಾಳೆ" ಎನ್ನುವುದು ಸಾರ್ ವಾದ. ನಿಜಕ್ಕೂ ಆ ಕೂರುವಿಕೆಯಲ್ಲಿ ನಿದ್ದೆ ಬರುವ ಮಾತೇ ಇರಲಿಲ್ಲ, ಕಾಲು ಮಾತ್ರ ಜೋಮು ಹಿಡಿಯುತ್ತಿತ್ತು.

ಪಂದ್ಯದ ದಿನದ ಕಟ್ಟಳೆಗಳು ಬೆಳಿಗ್ಗೆಯೇ ಶುರುವಾಗುತ್ತಿದ್ದವು. ಇಡ್ಲಿ ಕೂಡದು, ತಿಂದರೆ ಇಡ್ಲಿಯ ಹಾಗೇ ಮೆತ್ತಗಾಗುತ್ತೀರಿ ಎಂದು. ಸಾರ್ ಮನೆಯಿಂದ ಅವರ ಹೆಂಡತಿ ಕ್ಯಾನಿನಲ್ಲಿ ತುಂಬಿ ಕಳಿಸಿದ ರಾಗಿ ಅಂಬಲಿಯನ್ನು ಬಸ್ ಸ್ಟ್ಯಾಂಡಿನಲ್ಲೇ ನಿಂತು ಕುಡಿಯಬೇಕು. ಸ್ಟ್ಯಾಂಡಿಗೆ ಕಾಲಿಟ್ಟ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರನ್ನು ಯಾರೂ ಎತ್ತುವಂತಿಲ್ಲ, ತಂಡದ ಹೆಸರಿನಿಂದಲೇ ಕರೆಯಬೇಕು. ಬಾಯಿ ತಪ್ಪಿದವಳಿಗೆ ಅಂಬಲಿ ಕ್ಯಾನ್ ಹೊರುವ ಶಿಕ್ಷೆ.

ಆ ಹೆಸರುಗಳೋ! ನಮ್ಮ ಗೋಲ್‌ಕೀಪರ್ ಎತ್ತರದ, ಅಗಲ ಭುಜದ ಹುಡುಗಿ. ಅವಳ ಹೆಸರು ಬ್ಯಾರನ್. ಹೊಗೆಸೊಪ್ಪು ಬೇಯಿಸುವ ಮನೆಯನ್ನು ನಮ್ಮ ಕಡೆ ಹಾಗೆನ್ನುತ್ತೇವೆ, ಬಾಗಿಲು ಮುಚ್ಚಿದರೆ ಒಳಗೆ ಇರುವೆಯೂ ನುಗ್ಗುವುದಿಲ್ಲ. ನಡುವೆ ಆಡುತ್ತಿದ್ದವಳು ಸೊಸೈಟಿ, ಚೆಂಡನ್ನು ರೇಷನ್ ಅಕ್ಕಿಯ ಹಾಗೆ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದಳು. ಎಡಗಡೆ ಓಡುತ್ತಿದ್ದ ಅಂತರಸಂತೆಯ ಹುಡುಗಿ ತ್ರೀಫೇಸ್. ಆಟದ ಬಹುಪಾಲು ಹೊತ್ತು ಅವಳು ಇದ್ದಾಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಕರೆಂಟು ಬಂತೆಂದರೆ ಮುಗಿಯಿತು, ಹಿಡಿಯುವವರಿಲ್ಲ. ಈ ಹೆಸರುಗಳನ್ನು ಇಡುವ ಹಕ್ಕು ಸಾರ್ ಒಬ್ಬರದೇ. ಪಂದ್ಯದಲ್ಲಿ ಏನಾದರೂ ಮಾಡಿ ತೋರಿಸಬೇಕು, ವಾಪಸ್ ಬರುವ ಬಸ್ಸಿನಲ್ಲಿ ಅವರಿಗೆ ಹೆಸರು ಹೊಳೆಯಬೇಕು, ಅದೂ ಬಸ್ಸು ಹುಣಸೂರು ಸ್ಟ್ಯಾಂಡಿಗೆ ತಿರುಗುವ ಮೊದಲು ಹೊಳೆಯಬೇಕು. ಸ್ಟ್ಯಾಂಡ್ ಬಂದರೆ ಆಯಿತು, ಮುಂದಿನ ಪಂದ್ಯದವರೆಗೆ ಕಾಯಬೇಕು.

ನಾನು ಕಾಯುತ್ತಲೇ ಇದ್ದೆ. ತಂಡಕ್ಕೆ ಸೇರಿದ್ದೇನೋ ಸೇರಿದ್ದೆ, ಆದರೆ ಗೆರೆಯ ಪಕ್ಕ ಮೊಣಕಾಲೂರಿ ಕೂತದ್ದೇ ಹೆಚ್ಚು. ಉಳಿದ ದಿನ ಸಾರ್ ನನ್ನನ್ನು ಹಾಜರಿ ಕೂಗುವವರ ಹಾಗೆ ಇನಿಷಿಯಲ್ ಸಮೇತ ಕರೆಯುತ್ತಿದ್ದರು. ಪಂದ್ಯದ ದಿನ ಆ ಹೆಸರೂ ಇಲ್ಲ! ಬರೀ "ಏಯ್". ನನ್ನ ಜೊತೆ ಸೇರಿದವರು, ನನ್ನ ನಂತರ ಬಂದವರು ಎಲ್ಲ ಹೆಸರು ಸಂಪಾದಿಸಿಕೊಂಡರು. ನನಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಡುವುದು ಯಾಕೆ? ಮನೆಯಲ್ಲಿ ಅವ್ವ "ಏನೇ ಅದು, ಹೆಸ್ರು ಹೆಸ್ರು ಅಂತ ನಿದ್ದೇಲಿ ಕನವರಿಸ್ತೀಯ, ನಾವಿಟ್ಟಿದ್ದು ಸಾಲ್ದಾ?" ಎಂದು ಬೈಯುತ್ತಿದ್ದಳು. ಸಾಲುತ್ತಿರಲಿಲ್ಲ. ಅವರಿಟ್ಟ ಹೆಸರಲ್ಲದೆ, ಆಡಿ ಗಿಟ್ಟಿಸಿಕೊಂಡ ಹೆಸರೊಂದು ನನಗೆ ಬೇಕಿತ್ತು.

ಹೆಸರಿಲ್ಲದವಳಿಗೆ ಒಂದೇ ಕೆಲಸ, ಬಸ್ಸಿನಲ್ಲಿ ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು. ಆ ಚೆಂಡಿಗೆ ಸಾರ್ ಅರ್ಧ ಟಿಕೆಟ್ ತೆಗೆಸುತ್ತಿದ್ದರು. ನಿಜವಾಗಿಯೂ! ತಮ್ಮದೊಂದು, ನಮ್ಮೆಲ್ಲರದು, ಕೊನೆಗೆ "ಇದ್ಕೊಂದು ಅರ್ಧ" ಎಂದು ಬೆರಳು ತೋರಿಸುತ್ತಿದ್ದರು. ಹುಣಸೂರಿನ ಹಳೆಯ ಕಂಡಕ್ಟರುಗಳಿಗೆಲ್ಲ ಇದು ಗೊತ್ತಿತ್ತು, ನಗುತ್ತಾ ಹರಿದು ಕೊಡುತ್ತಿದ್ದರು. ಸಾರ್ ಮಾತ್ರ ನಗುತ್ತಿರಲಿಲ್ಲ. "ಬಸ್ಸಲ್ಲಿ ಟಿಕೆಟ್ ಇದ್ರೆ ಜನ, ಇಲ್ದಿದ್ರೆ ಲಗೇಜು. ಇವತ್ತು ಇದುನ್ನ ಲಗೇಜು ಅಂತ ಒಪ್ಕಂಡ್ರೆ ನಾಳೆ ನಿಮ್ಮುನ್ನೂ ಟಾಪ್ ಮ್ಯಾಲೆ ಹಾಕ್ತಾರೆ ಕಣ್ರಮ್ಮ" ಎಂದು ಗಂಭೀರವಾಗಿ ಹೇಳುತ್ತಿದ್ದರು.

ಅವರು ಹಟವಾದಿ ನಿಜ, ಆದರೆ ಆ ಹಟದಲ್ಲಿ ಒಂದು ತಮಾಷೆ ಇರುತ್ತಿತ್ತು. ಒಂದು ಸಂಜೆ ಬ್ಯಾರನ್ನಿನ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮೈದಾನಕ್ಕೆ ನುಗ್ಗಿದರು. "ಯಾರ್ರೀ ಅದು ಮೇಷ್ಟ್ರು? ಹೆಣ್ಮಗಾನ ಬೀದೀಲಿ ಕುಣಿಸ್ತಿದ್ದೀರಾ?" ಎಂದು ಕೂಗಾಡಿದರು. ಸಾರ್ ಶಾಂತವಾಗಿ, "ಕರ್ಕಂಡೋಗಿ ಅಣ್ಣ, ನಿಮ್ಮ ಮಗಳು. ಅವ್ಳು ಚಪ್ಲಿ ಹಾಕ್ಕಂಡು ಬರೋಗಂಟ ಒಂದ್ ಗಳಿಗೆ ಇಲ್ಲಿ ನಿಂತಿರಿ" ಎಂದು ಅವರನ್ನು ನೀಲಗಿರಿ ಕಂಬಗಳ ನಡುವೆ, ಗೋಲಿನಲ್ಲಿ ನಿಲ್ಲಿಸಿ, ತಿರುಗಿ ನಮಗೆ ಚಪ್ಪಾಳೆ ತಟ್ಟಿದರು. ಸೊಸೈಟಿ ಹೆದರುತ್ತಲೇ ಒಂದು ಹೊಡೆದಳು. ಮೈಮೇಲೆ ಬಂದದ್ದನ್ನು ಅವರು ಹಿಡಿದುಬಿಟ್ಟರು. ಇನ್ನೊಂದು ಹೊಡೆದಳು, ಅದನ್ನೂ ಹಾರಿ ಹಿಡಿದರು! ಮಗಳು ಚಪ್ಪಲಿ ಹಾಕಿಕೊಂಡು ಬಂದು ನಿಂತರೂ ಅವರು ಗೋಲು ಬಿಡಲೊಲ್ಲರು. "ಇನ್ನೊಂದ್ ಹೊಡೀರಮ್ಮ" ಎಂದು ಪಂಚೆ ಬಿಗಿಯುತ್ತಿದ್ದರು. ಅಂದಿನಿಂದ ಅವರು ಹಳೇ ಬ್ಯಾರನ್. ನಮ್ಮ ಯಾವ ಪಂದ್ಯವನ್ನೂ ತಪ್ಪಿಸಿಕೊಂಡವರಲ್ಲ. ನೋಡಿ, ಅವರಿಗೂ ಹೆಸರು ಸಿಕ್ಕಿತು, ನನಗಿಲ್ಲ.

ಈಗ ಎಚ್.ಡಿ. ಕೋಟೆಯ ಪಂದ್ಯಕ್ಕೆ ಬರುತ್ತೇನೆ. ಎದುರಾಳಿಗಳು ಕೆ.ಆರ್. ನಗರದವರು. ಗೆದ್ದವರು ಮುಂದಿನ ಸುತ್ತಿಗೆ ಮೈಸೂರಿಗೆ. ನಾವು ಅಲ್ಲಿಯತನಕ ಮೈಸೂರು ಮುಟ್ಟಿದವರೇ ಅಲ್ಲ. ನನಗಂತೂ ಅದು ಕೊನೆಯ ವರ್ಷ. ಈ ಪಂದ್ಯದಲ್ಲಿ ಹೆಸರು ಸಿಗದಿದ್ದರೆ ಜೀವನಪೂರ್ತಿ 'ಏಯ್' ಆಗಿಯೇ ಉಳಿಯುತ್ತೇನೆ ಎಂದು ರಾತ್ರಿಯೆಲ್ಲ ಹೊರಳಾಡಿದ್ದೆ. ಬೆಳಿಗ್ಗೆ ಅಂಬಲಿ ಕುಡಿದು, ಬಸ್ಸು ಹತ್ತಿ, ಚೆಂಡನ್ನು ಮಡಿಲಿಗೆ ಹಾಕಿಕೊಂಡು ಕೂತೆ. ಕಂಡಕ್ಟರ್ ಹೊಸಬರು, ಒಬ್ಬ ಹೆಂಗಸು. ಖಾಕಿ ಶರ್ಟು, ಬಿಗಿಯಾಗಿ ಕಟ್ಟಿದ ಕೂದಲು, ಇಡೀ ಬಸ್ಸನ್ನು ಒಂದೇ ನೋಟದಲ್ಲಿ ಅಳೆಯುವ ಕಣ್ಣು. ಆವತ್ತಿನವರೆಗೆ ನಾನು ಮಹಿಳಾ ಕಂಡಕ್ಟರನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಇದ್ಕೊಂದು ಅರ್ಧ," ಎಂದರು ಸಾರ್.

"ಯಾವ್ದುಕ್ಕೆ?"

"ಚೆಂಡಿಗೆ."

"ಚೆಂಡಿಗೆಲ್ಲ ಟಿಕೆಟ್ ಇಲ್ಲ ಸಾರ್. ಸುಮ್ನೆ ಮಡಿಕಳಿ."

"ಬಿಟ್ಟಿ ಬರಲ್ಲಮ್ಮ ನಾವು."

"ಅಂಗಾದ್ರೆ ಲಗೇಜ್ ಹಾಕ್ತೀನಿ."

ಲಗೇಜ್ ಎಂಬ ಮಾತು ಬಿದ್ದದ್ದೇ ತಡ, ಸಾರ್ ಕಿವಿ ಕೆಂಪಾಯಿತು. ಆಕೆಯೂ ಜಗ್ಗುವವರಲ್ಲ. "ಅರ್ಧ ಟಿಕೆಟ್ ಮಕ್ಕಳಿಗೆ ಸಾರ್. ನಾಳೆ ಚೆಕಿಂಗ್ ಬಂದು ಮಗು ಎಲ್ಲಿ ಅಂದ್ರೆ ನಾನ್ ಏನ್ ತೋರ್ಸ್ಲಿ?" ಎಂದರು. ಬಸ್ಸಿನವರೆಲ್ಲ ಎರಡು ಪಾರ್ಟಿಯಾಗಿ ವಾದಕ್ಕಿಳಿದರು. ಒಬ್ಬ ಅಜ್ಜಿ ಮಾತ್ರ ನನ್ನ ಮಡಿಲನ್ನು ಇಣುಕಿ ನೋಡಿ, "ಮಗೀಗೆ ಸೀತ ಆಗಿದ್ದಾತು, ಸೆರಗು ಒಚ್ಚವ್ವ" ಎಂದು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಿತು.

ಕಡೆಗೆ ಸಾರ್ ಎದ್ದು ನಿಂತು, "ಓಲ್ಡಾನ್!" ಎಂದು ಚಪ್ಪಾಳೆ ತಟ್ಟಿದರು. ಬಸ್ಸು ನಿಂತೇಬಿಟ್ಟಿತು. "ಇಳೀರಮ್ಮ ಎಲ್ಲಾ."

"ಸಾರ್, ಇವತ್ತೊಂದಿನ ಬುಡಿ ಸಾರ್, ನಿಮ್ ದಮ್ಮಯ್ಯ!" ಎಂದಳು ಬ್ಯಾರನ್.

"ಇಳೀರಿ ಅಂದ್ನಲ್ಲ."

ಇಳಿದೆವು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಎರಡೂ ಕಡೆ ಹೊಲ, ಒಂದು ಹುಣಸೇಮರ, ಕಣ್ಣು ಹಾಯಿಸಿದಷ್ಟು ದೂರ ಖಾಲಿ ರಸ್ತೆ. ಮುಂದಿನ ಬಸ್ಸು ಯಾವಾಗಲೋ ದೇವರಿಗೇ ಗೊತ್ತು. ನನಗೆ ಎಂಥಾ ಸಿಟ್ಟು ಬಂತೆಂದರೆ, ಚೆಂಡನ್ನು ಎತ್ತಿ ಹೊಲದೊಳಗೆ ಎಸೆದುಬಿಡೋಣ ಅನ್ನಿಸಿತು. ಒಂದು ಚೆಂಡಿನ ಮರ್ಯಾದೆಗೆ ಇಡೀ ತಂಡವನ್ನು ಬೀದಿಯಲ್ಲಿ ನಿಲ್ಲಿಸಿದ್ದಾರಲ್ಲ! ಆ ಕಂಡಕ್ಟರಮ್ಮನೇ ಸರಿ, ಇವರೇ ತಪ್ಪು ಎಂದು ಮನಸ್ಸಿನಲ್ಲಿ ತೀರ್ಮಾನಿಸಿದೆ. ಸಾರ್ ಸೀಟಿಯನ್ನು ಬೆರಳಿನಿಂದ ತಿರುಗಿಸುತ್ತಾ ರಸ್ತೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಎಡವಟ್ ಮಾಡ್ಬುಟ್ನೇನೋ ಕಣಮ್ಮ" ಎಂದರು. ಆ ದನಿ ಕೇಳಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಏನಾರ ಸಿಕ್ತದೆ ಬುಡಿ ಸಾರ್" ಎಂದೆ.

ಸಿಕ್ಕಿತು. ಕೋಟೆ ಕಡೆಗೆ ಶುಂಠಿ ತುಂಬಲು ಹೊರಟಿದ್ದ ಒಂದು ಖಾಲಿ ಪಿಕಪ್ ಗಾಡಿ. ಡ್ರೈವರ್ ವಯನಾಡಿನವನು. ನನ್ನ ಕೈಯಲ್ಲಿದ್ದ ಚೆಂಡು ಕಂಡದ್ದೇ, ಯಾರೂ ಕೈ ಅಡ್ಡ ಹಾಕದಿದ್ದರೂ ಕಿರ್ರನೆ ಬ್ರೇಕ್ ಹಾಕಿದ.

"ಫುಟ್‌ಬಾಲಾ? ಮ್ಯಾಚಾ? ಎಲ್ಲಿ?"

"ಕೋಟೇಲಿ ಅಣ್ಣ, ಲೇಟಾಗೋಗದೆ!"

"ಅಯ್ಯೋ, ಮಾತಾಡ್ತ ನಿಂತ್ರೆ ಹೆಂಗೆ? ಹತ್ತಿ, ಹತ್ತಿ!" ನಾನು ಚೆಂಡಿನ ಸಮೇತ ಹಿಂದಕ್ಕೆ ಹತ್ತಹೊರಟರೆ ಅವನು ತಡೆದ. "ಬಾಲ್ ಹಿಂದೆ ಬೇಡ, ಮಣ್ಣು ಇದೆ. ಬಾಲ್ ಮುಂದೆ ಸೀಟಲ್ಲಿ ಕೂರ್ಲಿ. ಸಾರ್ ಬೇಕಾದ್ರೆ ಹಿಂದೆ."

ಸಾರ್ ಮುಖ ಊರಗಲ ಆಯಿತು! ಶುಂಠಿಯ ಖಾಲಿ ಚೀಲಗಳ ಮೇಲೆ ನಮ್ಮ ನಡುವೆ ಕೂತು, ಗಾಳಿಗೆ ಕೂದಲು ಹಾರಿಸಿಕೊಂಡು, "ನೋಡುದ್ರಾ? ಮರ್ವಾದೆ ಕೊಡೋರು ಅವ್ರೆ ಕಣ್ರಮ್ಮ, ಅವ್ರೆ!" ಎಂದು ದಾರಿಯುದ್ದಕ್ಕೂ ಹೇಳಿದರು. ನಾವು ಹುಚ್ಚು ಬಂದವರ ಹಾಗೆ ಕಿರುಚಿಕೊಂಡು ಹೋದೆವು. ಮಣ್ಣು, ಶುಂಠಿಯ ಘಾಟು, ಗಾಡಿಯ ಎತ್ತಾಟ. ಅಂಬಲಿ ಹೊಟ್ಟೆಯಲ್ಲಿ ನಿಂತದ್ದೇ ದೊಡ್ಡದು.

ಮೈದಾನ ಮುಟ್ಟಿದಾಗ ರೆಫರಿ ಕೈಗಡಿಯಾರ ನೋಡುತ್ತಿದ್ದರು, ಇನ್ನೊಂದು ಚೂರು ತಡವಾಗಿದ್ದರೆ ಆಡದೆಯೇ ಸೋಲು. ನಮಗಿಂತ ಮೊದಲೇ ಬಂದು ಕೂತಿದ್ದ ಹಳೇ ಬ್ಯಾರನ್, "ಬಂದ್ರು ಬಂದ್ರು! ನಮ್ ಮಕ್ಕಳು ಬಂದ್ರು!" ಎಂದು ಟವೆಲ್ ಬೀಸಿದರು. ಶುಂಠಿ ಗಾಡಿಯವನು ಶುಂಠಿಯನ್ನು ಮರೆತು ಗೆರೆಯ ಪಕ್ಕ ಬಂದು ನಿಂತ.

ಆಟ ಶುರುವಾಯಿತು. ಕೆ.ಆರ್. ನಗರದ ಹುಡುಗಿಯರು ಬಲು ಚುರುಕು. ಅದಕ್ಕಿಂತ ಮುಖ್ಯವಾಗಿ, ಅವರಿಗೆ ನಮ್ಮ ಹೆಸರುಗಳೆಲ್ಲ ಬಾಯಿಪಾಠವಾಗಿದ್ದವು! ಸೊಸೈಟಿ "ತ್ರೀಫೇಸ್!" ಎಂದು ಕೂಗುವುದೇ ತಡ, ಅವರಲ್ಲಿಬ್ಬರು ಎಡಗಡೆಗೆ ಓಡಿ ತ್ರೀಫೇಸಿನ ಎರಡೂ ಪಕ್ಕ ನಿಂತುಬಿಡುತ್ತಿದ್ದರು. ನಮ್ಮ ಹೆಸರೇ ನಮಗೆ ಕುತ್ತಾಯಿತು. ಇತ್ತ ಬ್ಯಾರನ್ ಮಾತ್ರ ಬಾಗಿಲು ಮುಚ್ಚಿ ನಿಂತಿದ್ದಳು. ಬಿದ್ದು, ಹೊರಳಿ, ಮುಖಕ್ಕೆ ಪೆಟ್ಟು ತಿಂದು ಒಂದನ್ನೂ ಒಳಗೆ ಬಿಡಲಿಲ್ಲ. ಅವರಿಗೂ ಗೋಲಿಲ್ಲ, ನಮಗೂ ಇಲ್ಲ. ಬಿಸಿಲು ಏರಿತು. ನಾನು ಮೊಣಕಾಲೂರಿ ಕೂತು, ನೆಲದ ಹುಲ್ಲು ಕಿತ್ತು ಕಿತ್ತು ರಾಶಿ ಹಾಕಿದ್ದೆ.

ಆಟ ಮುಗಿಯಲು ಬಂದಾಗ ತ್ರೀಫೇಸ್ ಕಾಲು ಹಿಡಿದುಕೊಂಡು ಕುಸಿದಳು. ಮೀನಖಂಡ ಗಂಟುಕಟ್ಟಿತ್ತು. ನಾನು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ, ತಲೆ ತಗ್ಗಿಸಿ ಕೂತಿದ್ದೆ. ಹಿಂದಿನಿಂದ ಕುಂಟುವ ಹೆಜ್ಜೆಯ ಸದ್ದು ಬಂತು. ಬೆನ್ನ ಮೇಲೆ ಬೆವರಿದ ಅಂಗೈ ಬಿತ್ತು.

"ಖೋ!"

ನಾನು ಓಡಿದೆ. ಎಲ್ಲಿಗೆ ಎಂದು ಯೋಚಿಸಲಿಲ್ಲ, ಸುಮ್ಮನೆ ಎದ್ದು ಓಡಿದೆ. ಆಗ ಆದದ್ದೇ ವಿಚಿತ್ರ. ಸೊಸೈಟಿಗೆ ಚೆಂಡು ಸಿಕ್ಕಿತು. ನಾನು ಎಡಗಡೆ ಒಬ್ಬಳೇ ಇದ್ದೆ. ಅವಳು ನನ್ನನ್ನು ಕರೆಯಬೇಕು, ಏನೆಂದು ಕರೆಯಬೇಕು? ಹೆಸರಿಲ್ಲ! ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ. "ಏಯ್... ಏಯ್!" ಎಂದು ಚೀರಿದಳು. ಕೆ.ಆರ್. ನಗರದವರು ಇವಳು ಯಾರನ್ನೋ ಜಗಳಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡಿರಬೇಕು, ಒಬ್ಬರೂ ಕದಲಲಿಲ್ಲ. ಚೆಂಡು ಉರುಳಿಕೊಂಡು ನೇರ ನನ್ನ ಕಾಲಿಗೆ ಬಂತು. ಮುಂದೆ ಅವರ ಗೋಲ್‌ಕೀಪರ್ ಒಬ್ಬಳೇ. ಗೆರೆಯಾಚೆಯಿಂದ ಪಿಕಪ್ ಅಣ್ಣ ಗಂಟಲು ಹರಿಯುವಂತೆ, "ಅಡಿಕ್ಕ್ ಮೋಳೇ! ಹೊಡಿ ಮಗಳೇ, ಹೊಡಿ!" ಎಂದು ಕೂಗಿದ. ಹೊಡೆದೆ. ಕಾಲಿಗೆ ಸರಿಯಾಗಿ ತಾಗಲೂ ಇಲ್ಲ, ಅರ್ಧ ಬೆರಳಿಗೆ, ಅರ್ಧ ನೆಲಕ್ಕೆ ಬಿತ್ತು. ಚೆಂಡು ಎತ್ತಿನಗಾಡಿಯ ವೇಗದಲ್ಲಿ ಹೋಗಿ, ಕಂಬಕ್ಕೆ ಬಡಿದು, ಯೋಚನೆ ಮಾಡಿ, ಒಳಗೆ ಹೋಯಿತು.

ಗೋಲ್! ನಮ್ಮವರು ನನ್ನ ಮೇಲೆ ಬಿದ್ದರು. ಹಳೇ ಬ್ಯಾರನ್ ಮೈದಾನದೊಳಕ್ಕೇ ನುಗ್ಗಿದರು, ರೆಫರಿ ಅವರನ್ನು ಅಟ್ಟಿಸಿಕೊಂಡು ಹೋದರು. ಕೂಗಲು ಹೆಸರಿಲ್ಲದ್ದರಿಂದ ಎಲ್ಲರೂ ಬರೀ "ಓಓಓ" ಎಂದು ಬೊಬ್ಬೆ ಹೊಡೆಯುತ್ತಿದ್ದರು. ಆ ರಾಶಿಯ ಅಡಿಯಲ್ಲಿ ಬಿದ್ದುಕೊಂಡು ಮಣ್ಣು ತಿನ್ನುತ್ತಾ ನಾನು ಅಂದುಕೊಂಡದ್ದು ಒಂದೇ. ಇವತ್ತು ಸಿಕ್ಕಿತು ಹೆಸರು!

ಸಂಜೆ ಕೋಟೆ ಸ್ಟ್ಯಾಂಡಿನಲ್ಲಿ ಅದೇ ಬಸ್ಸು, ಅದೇ ಕಂಡಕ್ಟರಮ್ಮ. ಸಾರ್ ಬೇರೆ ಬಸ್ಸು ನೋಡೋಣ ಎನ್ನುವಷ್ಟರಲ್ಲಿ ಆಕೆಯೇ ಇಳಿದು ಬಂದರು. "ಗೆದ್ರಂತೆ? ಯಾರ್ ಹೊಡ್ದಿದ್ದು?" ಎಲ್ಲರೂ ನನ್ನನ್ನು ತೋರಿಸಿದರು. ಆಕೆ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಒಂದು ಅರ್ಧ ಟಿಕೆಟ್ ಹರಿದು ಚೆಂಡಿನ ದಾರದ ಬಲೆಗೆ ಸಿಕ್ಕಿಸಿದರು. "ಚೆಕಿಂಗ್ ಬಂದ್ರೆ ಮಗು ಇದೇ ಅಂತ ನಾನೇ ಹೇಳ್ತೀನಿ, ಹತ್ತಿ." ಆವತ್ತೇ ನನಗೆ ಆ ಖಾಕಿ ಶರ್ಟಿನ ಮೇಲೆ ಕಣ್ಣು ಬಿದ್ದದ್ದು.

ಬಸ್ಸು ಹೊರಟಿತು. ಎಲ್ಲರೂ ಹಾಡಿದರು, ನಾನು ಹಾಡಲಿಲ್ಲ. ಸಾರ್ ಬಾಯಿಯನ್ನೇ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ ಯೋಚಿಸುತ್ತಿದ್ದರು, ಹಣೆ ಉಜ್ಜಿಕೊಳ್ಳುತ್ತಿದ್ದರು. ಒಂದೊಂದೇ ಊರು ಹಿಂದೆ ಹೋಯಿತು. ಹುಣಸೂರಿನ ದೀಪಗಳು ಕಂಡವು. "ಸಾರ್, ಹೆಸ್ರು!" ಎಂದು ಬ್ಯಾರನ್ ಕೂಗಿದಳು. ಸಾರ್ ನನ್ನ ಕಡೆ ತಿರುಗಿ ಬಾಯಿ ತೆರೆದರು. ಬಸ್ಸು ಸ್ಟ್ಯಾಂಡಿಗೆ ತಿರುಗಿತು.

"ಏನೂ ಒಳೀಲಿಲ್ಲ ಕಣಮ್ಮ," ಎಂದರು ಪಾಪ, ತಮಗೇ ನಾಚಿಕೆಯಾದವರ ಹಾಗೆ.

ನಾನು ಅಳುತ್ತಾ ಮನೆಗೆ ಹೋದೆ. ಗೋಲು ಹೊಡೆದವಳು ಯಾಕೆ ಅಳುತ್ತಿದ್ದಾಳೆಂದು ಅವ್ವನಿಗೆ ಅರ್ಥವಾಗಲಿಲ್ಲ. ಮೈಸೂರಿಗೂ ಹೋದೆವು, ಚೆನ್ನಾಗಿ ಸೋತು ಬಂದೆವು, ಅಲ್ಲೂ ನಾನು 'ಏಯ್'. ಆಮೇಲೆ ಡಿಗ್ರಿ ಮುಗಿಯಿತು. ಸಾರ್ ಎಲ್ಲಿ ಸಿಕ್ಕಿದರೂ ನಾನು ಕೇಳುವುದು ಒಂದೇ, "ಒಳೀತಾ ಸಾರ್?" ಅವರು ಹೇಳುವುದೂ ಒಂದೇ, "ತಡಿಯಮ್ಮ, ಯೋಚ್ನೆ ಮಾಡ್ತಾ ಅವ್ನಿ."

ಕಳೆದ ತಿಂಗಳು ಅವರು ರಿಟೈರ್ ಆದರು. ಕಾಲೇಜಿನಲ್ಲಿ ಬೀಳ್ಕೊಡುಗೆ. ನನಗೆ ಡ್ಯೂಟಿ, ರಜೆ ಸಿಗಲಿಲ್ಲ. ಹಾರನಹಳ್ಳಿ ಬಸ್ಸಿನ ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದೆ. ಆಗ ಹುಣಸೂರು ಸ್ಟ್ಯಾಂಡಿನೊಳಗೆ ಒಂದು ಮೆರವಣಿಗೆ ಬಂತು! ಮುಂದೆ ಸಾರ್, ತಲೆಯ ಮೇಲೆ ಮೈಸೂರು ಪೇಟ, ಹೆಗಲಲ್ಲಿ ಶಾಲು, ಕುತ್ತಿಗೆಯಲ್ಲಿ ಹಾರದ ನಡುವೆ ಅದೇ ಸೀಟಿ, ಕಂಕುಳಲ್ಲಿ ಚೆಂಡು. ಹಿಂದೆ ಮಗುವನ್ನು ಎತ್ತಿಕೊಂಡ ಬ್ಯಾರನ್, ಈಗ ನಿಜವಾಗಿಯೂ ಒಂದು ಸೊಸೈಟಿಯಲ್ಲಿ ಕೆಲಸ ಮಾಡುವ ಸೊಸೈಟಿ, ಕೋಟೆಯಿಂದ ಬಂದ ತ್ರೀಫೇಸ್. ಎಲ್ಲರೂ ನನ್ನ ಬಸ್ಸಿಗೇ ನುಗ್ಗಿದರು. ಊರಿನವರೆಗೂ ಬಿಟ್ಟು, ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಾರಂತೆ.

ಹೆಂಗಸರಿಗೆಲ್ಲ ಈಗ ಫ್ರೀ ಟಿಕೆಟ್, ಪಟಪಟ ಹರಿದು ಕೊಟ್ಟೆ. ಸಾರ್ ಬಳಿ ಬಂದು ನಿಂತೆ. "ನಂದೊಂದು. ಇದ್ಕೊಂದು ಅರ್ಧ," ಎಂದರು, ನನ್ನ ಮುಖ ನೋಡದೆ, ಗಂಭೀರವಾಗಿ.

"ಉಡ್ಗೀರ್ ಚೆಂಡಲ್ವಾ ಸಾರ್? ಆಧಾರ್ ಕಾರ್ಡ್ ತೋರ್ಸಿ ಫ್ರೀ ಮಾಡ್ಸಿ," ಎಂದ ಹಿಂದಿನ ಸೀಟಿನವನೊಬ್ಬ. ಬಸ್ಸೆಲ್ಲ ನಕ್ಕಿತು.

"ಬಿಟ್ಟಿ ಬರಲ್ಲಪ್ಪ ನಾವು," ಎಂದರು ಸಾರ್. ನಾನು ಅರ್ಧ ಟಿಕೆಟ್ ಹರಿದು ಚೆಂಡಿನ ಮೇಲಿಟ್ಟೆ.

ಚೆಂಡು ಅವರ ಮಡಿಲಲ್ಲಿತ್ತು. ಹೆಸರಿಲ್ಲದವರ ಜಾಗದಲ್ಲಿ. ನಮಗ್ಯಾರಿಗೂ ಅವರಿಗೊಂದು ಹೆಸರಿಡುವ ಧೈರ್ಯ ಬಂದಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಸುಮ್ಮನೆ ಅವರ ಪಕ್ಕ ಕಂಬ ಹಿಡಿದು ನಿಂತೆ.

"ಈಗಿನ ಮಕ್ಕಳು ಸಂದಾಗಿ ಆಡ್ತವೆ ಕಣಮ್ಮ," ಎಂದರು ಕಿಟಕಿಯ ಕಡೆ ನೋಡುತ್ತಾ. "ಒಸಾ ಪಿ.ಡಿ. ಯಾವಾಗ್ ಬತ್ತಾರೋ, ಬತ್ತಾರೋ ಇಲ್ವೋ. ಅಲ್ಲೀಗಂಟ ಚೆಂಡು ಮೆಟ್ಲು ಕೆಳಗೇ ಇರ್ತದೆ." ಸ್ವಲ್ಪ ದೂರ ಹೋದ ಮೇಲೆ ಕೇಳಿದರು, "ನಿಂಗೆ ವಾರದ ರಜ ಯಾವತ್ತು?"

"ಗುರುವಾರ ಸಾರ್."

"ಊಂ," ಎಂದರು.

ಹಾರನಹಳ್ಳಿ ಬಂತು. ಬಸ್ಸು ಅಲ್ಲಿಂದ ಹುಣಸೂರಿಗೆ ತಿರುಗಬೇಕು. ಸಾರ್ ಪೇಟ ಸರಿಮಾಡಿಕೊಂಡು ಎದ್ದರು. ಎಲ್ಲರೂ ಕಾಲಿಗೆ ಬಿದ್ದರು. ನಾನು ಬಾಗಿಲ ಬಳಿ ನಿಂತು, ಇದೇ ಕೊನೆ ಎಂದು, "ಒಳೀತಾ ಸಾರ್?" ಎಂದೆ. ಅವರು ಚೆಂಡನ್ನು ನನ್ನ ಕೈಗೆ ಕೊಟ್ಟರು. ನನ್ನನ್ನು ದಾಟಿ ಮೆಟ್ಟಿಲಿಗೆ ಕಾಲಿಟ್ಟವರು ನಿಂತು, ಹಿಂದಿನಿಂದ ನನ್ನ ಬೆನ್ನ ಮೇಲೆ ಅಂಗೈ ಇಟ್ಟರು.

"ಖೋ," ಎಂದರು.

ಬ್ಯಾರನ್ ಮಗುವನ್ನು ಸೊಸೈಟಿಯ ಕೈಗೆ ತುರುಕಿ, ಸೀಟಿನ ಮೇಲೆ ಹತ್ತಿ ಕಿರುಚಿದಳು. "ಖೋ ಅಂತೆ ಕಣ್ರೇ ಅವಳ ಹೆಸ್ರು! ಖೋ! ಸ್ಟ್ಯಾಂಡ್ ಇನ್ನೂ ಬಂದಿಲ್ಲ, ಲೆಕ್ಕಕ್ಕೆ ಬತ್ತದೆ!"

"ಖೋ! ಖೋ! ಖೋ!" ಎಂದು ಬಸ್ಸೇ ಅದುರುವಂತೆ ಎಲ್ಲರೂ ಕೂಗತೊಡಗಿದರು. ಕೆಳಗೆ ನಿಂತ ಸಾರ್ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಅಳುವೂ ಬಂತು, ನಗುವೂ ಬಂತು. ಕಣ್ಣೊರೆಸಿಕೊಂಡು ನನ್ನ ಸೀಟಿ ತೆಗೆದು, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಡ್ರೈವರ್ ಅಣ್ಣ ಗೇರ್ ಹಾಕಿದರು.

ಚೆಂಡಿನ ಟಿಕೆಟ್ ಹಾರನಹಳ್ಳಿಗೆ ಮುಗಿದಿತ್ತು, ಗುರುವಾರ ಅದಕ್ಕೆ ಕಾಲೇಜು ಮೈದಾನದಲ್ಲಿ ಕೆಲಸವಿತ್ತು. ನಾನು ಬ್ಯಾಗಿಗೆ ನನ್ನ ಸ್ವಂತ ದುಡ್ಡು ಹಾಕಿ, ಹುಣಸೂರಿಗೆ ಇನ್ನೊಂದು ಅರ್ಧ ಹರಿದೆ.